ಗಿರಣಿ ಅಕ್ಕ ಇಟ್ಟ ದರ

ಆಕೆ ತೀರಿಕೊಂಡ ಸುದ್ದಿ ರಾಮದುರ್ಗದಲ್ಲಿದ್ದ ನನಗೆ ಮುಟ್ಟುವಷ್ಟರಲ್ಲಿ ದೊಡವಾಡದಲ್ಲಿ ಮಣ್ಣು ಮುಗಿದಿತ್ತು. ಮುಂದಿನ ವಾರ ನಾನೂ ಹೆಂಡತಿಯೂ ಆಕೆಯ ಕಡೆಯವರನ್ನು ಮಾತನಾಡಿಸಿ ಬರಲು ಹೋದೆವು. ಗಿರಣಿಯ ಮುಂದಿನ ಕಟ್ಟೆಯ ಮೇಲೆ ನಾಲ್ಕಾರು ಜನ ಕುಳಿತಿದ್ದರು. ರುಮಾಲು ಸುತ್ತಿದ ಹಿರಿಯರೊಬ್ಬರು ನನ್ನ ಗುರುತು ಹಿಡಿದು, ಸರಿದು ಜಾಗ ಮಾಡಿಕೊಟ್ಟು, "ದೇವರಂಥಾ ಹೆಣಮಗಳು ನೋಡ್ರಿ ಸರ," ಎಂದರು. "ಶ್ರಾವಣ ಬಂತಂದ್ರ ಇಡೀ ಊರಿಗೆ ಪುಕ್ಕಟೆ ಬೀಸಿ ಕೊಡತಿದ್ಲು." ಸುತ್ತಲಿನವರು ಗೋಣು ಹಾಕಿದರು. ಒಬ್ಬಾಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

ನಾನು ಚಹಾ ಕುಡಿದು ಸುಮ್ಮನೆ ಎದ್ದು ಬಂದೆ. ವಾಪಸು ಬಸ್ಸಿನಲ್ಲಿ ಹೆಂಡತಿ, ಕಿಟಕಿಯಿಂದ ಮುಖ ತಿರುಗಿಸದೆ, "ಆಕಿ ಯಾವತ್ತರ ಒಂದು ಹಿಡಿ ಪುಕ್ಕಟೆ ಬೀಸ್ಯಾಳೇನ್ರಿ?" ಎಂದು ಕೇಳಿದಳು.

ಇಲ್ಲ. ಒಂದು ಹಿಡಿಯೂ ಇಲ್ಲ. ಊರು ಆಕೆಯನ್ನು ಒಳ್ಳೆಯವಳನ್ನಾಗಿ ಮಾಡಿ ಕೈತೊಳೆದುಕೊಂಡಿದೆ. ಆಕೆ ಕೆಟ್ಟವಳೆಂದು ನಾನು ಹೇಳುತ್ತಿಲ್ಲ. ಆದರೆ ಆ ಶ್ರಾವಣದ ಪುಣ್ಯ ಆಕೆಯದಲ್ಲ, ಆಕೆಯ ಮೈದುನನದು; ಮತ್ತು ಅದು ಪುಣ್ಯವೂ ಅಲ್ಲ. ಇದನ್ನು ಕೇಳಿಸಿಕೊಂಡಿದ್ದರೆ ಆಕೆ ಸೊಂಟದ ಮೇಲೆ ಕೈಯಿಟ್ಟು ಆ ಹಿರಿಯರನ್ನು ಕಟ್ಟೆಯಿಂದ ಕೆಳಗಿಳಿಸುತ್ತಿದ್ದಳು. ಆಕೆ ಈಗ ಇಲ್ಲವಾದ್ದರಿಂದ ಆ ಕೆಲಸ ನನಗೆ ಬಂದಿದೆ.

ತೊಂಬತ್ತರ ದಶಕದ ನಡುವಿನ ಕೆಲವು ವರ್ಷ ನಾವು ದೊಡವಾಡದಲ್ಲಿದ್ದೆವು. ಹೆಂಡತಿ ಅಲ್ಲಿನ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ನಾನು ದಿನಾ ಬಸ್ಸು ಹಿಡಿದು ಬೈಲಹೊಂಗಲಕ್ಕೆ ಹೋಗಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸಿ ಬರುತ್ತಿದ್ದೆ. ನಮ್ಮ ಬಾಡಿಗೆ ಮನೆಯ ಎದುರಿಗೇ ಆಕೆಯ ಹಿಟ್ಟಿನ ಗಿರಣಿ. ಊರಿಗೆ ಅದೊಂದೇ. ಊರವರು ಆಕೆಯನ್ನು ಗಿರಣಿ ಅಕ್ಕ ಎನ್ನುತ್ತಿದ್ದರು, ಎದುರಿಗೆ ಅಕ್ಕಾರು, ಬೆನ್ನ ಹಿಂದೆ ಬೇರೆ ಏನೇನೋ.

ನೆನಪಿನಲ್ಲಿ ಮುಖಕ್ಕಿಂತ ಮೊದಲು ಹುಬ್ಬು ಬರುತ್ತದೆ. ಹಿಟ್ಟು ಕೂತು ಬೆಳ್ಳಗಾದ ದಪ್ಪ ಹುಬ್ಬು. ಆಗ ಆಕೆಯ ವಯಸ್ಸೆಷ್ಟೆಂದು ಇವತ್ತಿಗೂ ನನಗೆ ಹೇಳಲಾಗದು. ಯಾವುದು ಹಿಟ್ಟು ಯಾವುದು ನರೆ ಗೊತ್ತಾಗುತ್ತಿರಲಿಲ್ಲ. ಹುಬ್ಬಿನ ಜೊತೆಗೆ ಡೀಸೆಲ್ ಎಂಜಿನಿನ ಕುಕ್ ಕುಕ್ ಸದ್ದೂ ಬರುತ್ತದೆ. ಅದು ಸುಳ್ಳು. ನಾವು ಹೋದಾಗ ಗಿರಣಿ ಆಗಲೇ ಕರೆಂಟಿನ ಮೋಟಾರಿಗೆ ಬದಲಾಗಿತ್ತು. ಆ ಸದ್ದು ನನ್ನ ಬಾಲ್ಯದ ಯಾವುದೋ ಊರಿನ ಗಿರಣಿಯಿಂದ ಬಂದು ಇಲ್ಲಿ ಸೇರಿಕೊಂಡಿದೆ. ಹೀಗೆ ಸೇರಿಕೊಂಡವು ಇನ್ನೂ ಇರಬಹುದು. ಕಣ್ಣಿಗೆ ಬಿದ್ದವನ್ನು ಹೊರಗೆ ಹಾಕುತ್ತ ಹೋಗುತ್ತೇನೆ.

ಗಿರಣಿಯ ಬಾಯಿಗೆ ಕಟ್ಟಿದ ಬಟ್ಟೆಯ ತೋಳಿನಿಂದ ಹಿಟ್ಟು ಇಳಿಯುತ್ತಿದ್ದಾಗ ಆಕೆ ಚಿಟಿಕೆ ತೆಗೆದು ಹೆಬ್ಬೆರಳು ತೋರುಬೆರಳುಗಳ ನಡುವೆ ತಿಕ್ಕಿ ನೋಡುತ್ತಿದ್ದಳು. ಸರಿಯಿದ್ದರೆ ಬೆರಳು ಝಾಡಿಸುವಳು. ಇಲ್ಲದಿದ್ದರೆ ಕಲ್ಲಿನ ಬಿಗಿಯನ್ನು ಒಂದು ಎಳೆ ತಿರುಗಿಸಿ ಮತ್ತೆ ತಿಕ್ಕುವಳು. ಈ ಹೊತ್ತಿನಲ್ಲಿ ಯಾರೂ ಮಾತನಾಡುವಂತಿರಲಿಲ್ಲ.

ಇನ್ನೂ ಕೆಲವು ಕಟ್ಟಳೆಗಳಿದ್ದವು. ಬೆಳಿಗ್ಗೆ ಜೋಳ ಮಾತ್ರ. ಮಧ್ಯಾಹ್ನದ ಮೇಲೆ ಗೋದಿ. ಗಿರಣಿಯ ಕಲ್ಲಿನಲ್ಲಿ ಹಿಂದಿನ ಕಾಳಿನ ಹಿಟ್ಟು ಒಂದಿಷ್ಟು ಉಳಿದೇ ಉಳಿಯುತ್ತದೆ. ಜೋಳದ ಹಿಟ್ಟಿಗೆ ಗೋದಿ ಬೆರೆತರೆ ರೊಟ್ಟಿ ಬಡಿಯುವಾಗ ಜಿಗುಟು, ಗೋದಿಗೆ ಜೋಳ ಬೆರೆತರೆ ಹೋಳಿಗೆಯ ಕಣಕ ಹರಿಯುತ್ತದೆ. ಹಾಗಾಗಿ ಎರಡಕ್ಕೂ ನಡುವೆ ಒಂದು ಗಡಿ. ದಿನದ ಮೊದಲ ಕಾಳು ಕಲ್ಲಿನ ಸಂದಿಗೆ ಹೋಗಿ ಕೂರುತ್ತದಲ್ಲ, ಆ ಕಾಳು ಆಕೆಯ ಮನೆಯದು. ಆ ನಷ್ಟವನ್ನು ಗಿರಾಕಿಯ ಮೇಲೆ ಹಾಕುತ್ತಿರಲಿಲ್ಲ. ಉಳಿದಂತೆ ಡಬ್ಬಿ ಪಾಳಿಯಲ್ಲಿ ಇಡಬೇಕು, ಇಟ್ಟವರು ನಿಂತಿರಬೇಕಾಗಿಲ್ಲ, ಡಬ್ಬಿ ಸರಿಸಿದವರಿಗೆ ಅವತ್ತು ಹಿಟ್ಟಿಲ್ಲ. ಸೋಮವಾರ ಗಿರಣಿ ಬಂದ್. ದರ ಆಕೆ ಹೇಳಿದ್ದು.

ಒಮ್ಮೆ ಗೌಡರ ಮನೆಯಿಂದ ಹೆಂಗಸೊಬ್ಬಳು ಬೆಳಿಗ್ಗೆಯೇ ಗೋದಿ ಹೊತ್ತು ತಂದಳು. ನೆಂಟರು ಬಂದಿದ್ದಾರೆ, ಬೇಗ ಬೇಕು.

"ಮಧ್ಯಾಹ್ನ ಬಾರವ್ವಾ."

"ಗೌಡ್ರು ಕಳಿಸ್ಯಾರ್ರಿ ಅಕ್ಕಾರ."

"ಗೌಡ್ರ ಹೊಟ್ಟಿಗೂ ಮಧ್ಯಾಹ್ನದ ಮ್ಯಾಲ ಗೋದಿ ಇಳಿತೈತಿ. ಇಡು ಅಲ್ಲಿ."

ಇಟ್ಟು ಹೋದಳು. ಬೇರೆ ಎಲ್ಲಿಗೆ ಹೋಗಬೇಕು?

ಊರಿನ ಹೆಂಗಸೊಬ್ಬಳು ತವರಿಗೆ ಹೋಗಿ ಬರುವಾಗ ಬೈಲಹೊಂಗಲದ ಗಿರಣಿಯಲ್ಲಿ ಹಿಟ್ಟು ಹಾಕಿಸಿಕೊಂಡು ಬಂದರೂ ಆಕೆಗೆ ಸುದ್ದಿ ಹತ್ತುತ್ತಿತ್ತು. ಮುಂದಿನ ಸಲ ಆ ಡಬ್ಬಿಯನ್ನು ಕಾಲಿನಿಂದಲ್ಲ, ಕೈಯಿಂದಲೇ, ಬಹಳ ಮರ್ಯಾದೆಯಿಂದ ಎತ್ತಿ ಪಾಳಿಯ ಕೊನೆಗೆ ಇಡುವಳು. "ಪ್ಯಾಟಿ ಹಿಟ್ಟು ಉಂಡ ಬಾಯಿ ಐತವ್ವಾ ನಿಂದು. ನಮ್ಮ ಹಳ್ಳಿ ಹಿಟ್ಟಿಗೆ ಅವಸರ ಯಾಕ?"

ಗಿರಣಿ ಆಕೆಗೆ ಬಂದ ಬಗೆಗೆ ಎರಡು ಕಥೆಗಳಿವೆ. ಗಂಡ ತೀರಿಕೊಂಡ ಮೇಲೆ ಕೂಡು ಮನೆಯಲ್ಲಿ ಆಕೆ ಒಲೆಯ ಮುಂದೆ ಉಳಿದಳು. ಮೈಗೆ ಹಚ್ಚುವ ಸಾಬೂನಿಗೂ ಮೈದುನನನ್ನು ಕೇಳಬೇಕು. ಅಷ್ಟರ ಮಟ್ಟಿಗೆ ಎರಡೂ ಕಥೆ ಒಂದೇ. ಪಾಲು ಆದಾಗ, ಆಕೆ ಹೇಳುವ ಪ್ರಕಾರ, ಹಿರಿಯರ ಮುಂದೆ ಆಕೆಯೇ ಎದ್ದು ನಿಂತು, ಹೊಲ ನಿಮಗಿರಲಿ, ಗಿರಣಿ ನನಗೆ ಕೊಡ್ರಿ ಎಂದಳು. ಮೈದುನ ಹೇಳುವ ಪ್ರಕಾರ, ಕಲ್ಲು ಸವೆದ ಆ ಹಾಳು ಗಿರಣಿಯನ್ನು ಎಲ್ಲರೂ ಬೇಡವೆಂದಾಗ, ಪಾಪ ಹೆಣ್ಣುಮಗಳು ಎಂದು ಮನೆಯವರೇ ಕೊಟ್ಟರು. ನಾನು ಇಬ್ಬರ ಬಾಯಿಂದಲೂ ಕೇಳಿದ್ದೇನೆ. ಇಬ್ಬರೂ ಕಣ್ಣು ಮಿಟುಕಿಸದೆ ಹೇಳಿದರು. ಯಾವುದು ನಿಜವಾದರೂ ಮುಂದಿನದು ಒಂದೇ: ಕಲ್ಲಿಗೆ ಉಳಿಯಿಂದ ಹೊಸ ಗೆರೆ ಕೊರೆಸಿ, ಮೋಟಾರು ಕೂರಿಸಿ, ಗಿರಣಿಯ ಹಿಂದಿನ ಕೋಣೆಯಲ್ಲಿ ತನ್ನದೇ ಒಲೆ ಹೂಡಿದಳು. ಆ ಒಲೆ ಉರಿಯುವುದು ಗಿರಣಿ ತಿರುಗಿದರೆ ಮಾತ್ರ. ಗಿರಣಿ ನಿಂತ ದಿನ ಮತ್ತೆ ಮೈದುನನ ಮನೆಯ ಒಲೆಯ ಮುಂದೆ ಹೋಗಿ ಕೂರಬೇಕು. ಇದನ್ನು ಆಕೆ ಬಾಯಿಬಿಟ್ಟು ಹೇಳುತ್ತಿದ್ದಳು, ಮರೆಮಾಚಲಿಲ್ಲ. "ಅದೊಂದು ಆಗಾಂಗಿಲ್ರಿ ಸರ. ಬ್ಯಾರೆ ಏನು ಬೇಕಾದರ ಆಗ್ಲಿ."

ನನಗೂ ಆಕೆಗೂ ಪರಿಚಯ ಜಗಳದಿಂದ ಶುರುವಾಯಿತು.

ಕಾಲೇಜಿನಲ್ಲಿ ಏಕಸ್ವಾಮ್ಯದ ಪಾಠ. ಒಬ್ಬನೇ ಮಾರುವವನು, ಹತ್ತಿರದ ಬದಲಿ ವಸ್ತುವಿಲ್ಲ, ಹೊಸಬರು ಒಳಗೆ ಬರಲು ತಡೆ, ದರ ಅವನು ಇಟ್ಟದ್ದು. ಹಲಗೆಯ ಮೇಲೆ ನಾನು ಇನ್ನೂ ಬರೆಯುತ್ತಿದ್ದೆ. ಹಿಂದಿನ ಬೆಂಚಿನಿಂದ ದೊಡವಾಡದ ಹುಡುಗನೊಬ್ಬ, "ಸರ, ನಮ್ಮ ಗಿರಣಿ ಅಕ್ಕ!" ಎಂದ. ಕಿತ್ತೂರು ಕಡೆಯ ಹುಡುಗರಿಗೂ ಅರ್ಥವಾಗಿ ನಗು ಎದ್ದಿತು. ನಾನೂ ನಕ್ಕೆ, ಉದಾಹರಣೆ ಚೆನ್ನಾಗಿತ್ತೆಂದು ಇಡೀ ತಾಸು ಅದನ್ನೇ ಬೆಳೆಸಿದೆ.

ಸಂಜೆ ಬಸ್ಸಿಳಿದು ಮನೆಗೆ ಬಂದರೆ ಆಕೆ ಗಿರಣಿಯ ಬಾಗಿಲಲ್ಲಿ ನಿಂತಿದ್ದಳು.

"ಬರ್ರಿ ಸರ, ಕುಂಡ್ರಿ. ನನ್ನ ವಿಷಯ ಸಾಲ್ಯಾಗ ಕಲಸ್ತೀರಂತ. ನನಗೂ ಒಂದೀಟು ಕಲಸ್ರಿ."

ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಕಟ್ಟೆಯ ಮೇಲೆ ಕುಳಿತು ಹಲಗೆಯ ಮೇಲಿದ್ದುದನ್ನೆಲ್ಲ ಹೇಳಿದೆ. ಆಕೆ ಮಧ್ಯೆ ಬಾಯಿ ಹಾಕದೆ ಕೇಳಿದಳು.

"ಹೌದು, ನಾ ಒಬ್ಬಾಕಿನ. ತಪ್ಪೇನೈತಿ?"

"ತಪ್ಪಲ್ರಿ ಅಕ್ಕಾರ. ಆದ್ರ ಒಬ್ಬರ ಇದ್ದಾಗ ದರ ಹೆಚ್ಚಿಗಿ ಇಡತಾರ. ಜನಕ್ಕ ಬ್ಯಾರೆ ದಾರಿ ಇರೂದಿಲ್ಲ."

"ಯಾಕ ಇಲ್ಲ? ಮನಿ ಮನ್ಯಾಗ ಬೀಸೂಕಲ್ಲು ಅದಾವ. ನನ್ನ ದರ ಭಾಳಾತಂದ್ರ ಬೀಸ್ಕೊಳ್ಲಿ. ನಾ ಯಾರ ಕೈ ಹಿಡದೇನಿ?"

ಇದು ವಾದಕ್ಕೆ ಹೇಳಿದ್ದಲ್ಲ ಎಂದು ನನಗೆ ತಿಳಿದದ್ದು ಆಮೇಲೆ. ದರ ಏರಿಸಿದ ವಾರ ಆಕೆ ಬೆಳಗಿನ ಜಾವ ಓಣಿಗಳಲ್ಲಿ ಒಂದು ಸುತ್ತು ಹಾಕುತ್ತಿದ್ದಳು. ಯಾವುದಾದರೂ ಮನೆಯಿಂದ ಬೀಸುಕಲ್ಲಿನ ಗುರ್‍ರೆನ್ನುವ ಸದ್ದು ಬರುತ್ತದೆಯೇ ಎಂದು ಕಿವಿ ಕೊಡುತ್ತಿದ್ದಳು. ಒಂದೆರಡು ಮನೆಯಾದರೆ ಸರಿ. ಓಣಿಗೆ ಓಣಿಯೇ ಬೀಸತೊಡಗಿದರೆ ಮರುದಿನ ದರ ಇಳಿಯುತ್ತಿತ್ತು. ಒಬ್ಬಳೇ ಇದ್ದರೂ ಎಷ್ಟರವರೆಗೆ ಏರಬಹುದೆಂಬುದಕ್ಕೆ ಒಂದು ಮೇರೆಯಿದೆ. ನನ್ನ ಪಠ್ಯದಲ್ಲಿ ಅದು ಇಳಿಜಾರಿನ ಒಂದು ಗೆರೆ. ಆಕೆಗೆ ಅದು ಕಿವಿಗೆ ಬೀಳುತ್ತಿತ್ತು. (ಹೆಂಡತಿ ಹೇಳುತ್ತಾಳೆ, ಆಕೆ ಆ ಹೊತ್ತಿಗೆ ಹೋಗುತ್ತಿದ್ದುದು ಹಾಲು ತರಲು. ಎರಡೂ ಇರಬಹುದು.)

ಆದರೆ ಒಂದು ಮಾತಿನಲ್ಲಿ ಆಕೆ ತಪ್ಪಿದಳು, ನಾನು ತಪ್ಪಲಿಲ್ಲ. ಇನ್ನೊಂದು ಗಿರಣಿ ಬಂದರೆ ಏನು ಮಾಡುತ್ತೀರಿ ಎಂದು ಅವತ್ತೇ ಕೇಳಿದ್ದೆ.

"ಹೆಂಗ ಬರ್ತೈತಿ? ಊರಿನ ಟ್ರಾನ್ಸ್‌ಫಾರ್ಮರಿಗೆ ಇನ್ನೊಂದು ಮೋಟಾರ ಎಳಿಯೂ ತಾಕತ್ತಿಲ್ಲ. ಲೈನ್ ಕೊಡೂದಿಲ್ಲಂತ ಕರೆಂಟಿನವರ ಹೇಳ್ಯಾರ."

"ಹೊಸಾ ಟ್ರಾನ್ಸ್‌ಫಾರ್ಮರ್ ಬಂದ್ರ?"

ಆಕೆ ನಕ್ಕಳು. ಹೊಸದು ಬರುತ್ತದೆಂದು ಊರವರು ಕೇಳುತ್ತ ಬಂದು ಎಷ್ಟೋ ವರ್ಷಗಳಾಗಿದ್ದವು. ನಾನು ಹೇಳಿದೆ, ನಿಮ್ಮ ಬಾಗಿಲಿಗೆ ಕಾವಲಿರುವುದು ಕಂಬದ ಮೇಲಿನ ಆ ಕರೆಂಟಿನ ಡಬ್ಬಿ, ಅದು ನಿಮ್ಮದಲ್ಲ. ಆಕೆಗೆ ಆ ಮಾತು ಹಿಡಿಸಲಿಲ್ಲ. ಮರುದಿನ ನಮ್ಮ ಡಬ್ಬಿ ಪಾಳಿಯಲ್ಲಿ ಹಿಂದೆ ಬಿತ್ತು.

ಬೋರ್‌ವೆಲ್ಲುಗಳು ಹೆಚ್ಚಿದವೆಂದು ಮುಂದಿನ ಬೇಸಿಗೆಯಲ್ಲಿ ಹೊಸ ಟ್ರಾನ್ಸ್‌ಫಾರ್ಮರ್ ಬಂದೇಬಿಟ್ಟಿತು. ಅದರ ಬಣ್ಣ ಮಾಸುವ ಮೊದಲೇ ಮೈದುನ ಗಿರಣಿ ಹಾಕಿದ. ಅದೇ ಓಣಿಯ ಇನ್ನೊಂದು ತುದಿ. ಅಲ್ಲಿ ನಿಂತರೆ ಇದು ಕಾಣುತ್ತದೆ.

ಮೈದುನನ ಬಗ್ಗೆಯೂ ನ್ಯಾಯವಾಗಿ ಹೇಳಬೇಕು. ಅವನು ದುಷ್ಟನಲ್ಲ. ಗುಂಡು ಮುಖದ, ಎಲ್ಲರನ್ನೂ ಹೆಗಲ ಮೇಲೆ ಕೈ ಹಾಕಿ ಮಾತನಾಡಿಸುವ ಮನುಷ್ಯ. ಹತ್ತಿ ಬೆಳೆದು ಕೈಯಲ್ಲಿ ದುಡ್ಡಿತ್ತು. ತಾವು ಬೇಡವೆಂದು ಬಿಟ್ಟ ಗಿರಣಿಯಿಂದ ಅತ್ತಿಗೆ ಊರನ್ನೇ ಪಾಳಿ ಹಚ್ಚಿದ್ದು ಅವನಿಗೆ ದಿನಾ ಕಣ್ಣೆದುರಿಗಿತ್ತು, ಅಷ್ಟೆ. ಅವನ ಗಿರಣಿಯಲ್ಲಿ ಕಟ್ಟಳೆ ಇರಲಿಲ್ಲ. ಯಾವ ಕಾಳಾದರೂ, ಯಾವ ಹೊತ್ತಿಗಾದರೂ. ದರ ಅರ್ಧ.

ಡಬ್ಬಿಗಳು ಓಣಿಯ ಆ ತುದಿಗೆ ಹೊರಟವು. ನಮ್ಮ ಮನೆಯದೂ ಒಂದು. ಹೆಂಡತಿ ಜಾಣೆ, ಜೋಳ ಇಲ್ಲಿ, ಗೋದಿ ಅಲ್ಲಿ ಎಂದು ಪಾಲು ಮಾಡಿದಳು. ಅಲ್ಲಿಂದ ಬಂದ ಹಿಟ್ಟಿನ ಚಪಾತಿಯಲ್ಲಿ ಜೋಳ ಹಲ್ಲಿಗೆ ಸಿಗುತ್ತಿತ್ತು, ಆದರೂ ಅರ್ಧ ದರ ಅರ್ಧ ದರವೇ.

"ನೀವೂ ಇಳಿಸ್ರಲ್ಲ ಅಕ್ಕಾರ," ಎಂದೆ ಒಂದು ದಿನ.

"ಇಳಿಸಿದ್ರ ಅವ ಇನ್ನಷ್ಟು ಇಳಸ್ತಾನ. ಅವಂಗ ಹೊಲ ಐತಿ, ಹತ್ತಿ ಐತಿ. ನನಗ ಇದೊಂದ. ಎಲ್ಲಿಮಟಾ ಇಳಕೋಂತ ಹೋಗಲಿ?"

ಇಳಿಸಲಿಲ್ಲ. ಬೆಳಿಗ್ಗೆ ತನ್ನ ಜೋಳ ಹಾಕಿ ಗಿರಣಿ ಸುರು ಮಾಡುವಳು. ಬಂದ ನಾಲ್ಕು ಡಬ್ಬಿ ಬೀಸುವಳು. ಮೋಟಾರಿನ ಪಟ್ಟಾ ಬಿಚ್ಚಿ ಕಟ್ಟೆಯ ಮೇಲೆ ಕೂರುವಳು. ಹುಬ್ಬು ಕಪ್ಪಗಾಗುತ್ತ ಬಂದದ್ದು ಆ ದಿನಗಳಲ್ಲಿ. ಆಗ ಗೊತ್ತಾಯಿತು, ಅದು ನರೆಯಾಗಿರಲಿಲ್ಲ.

ಆಮೇಲೆ ಶ್ರಾವಣ ಬಂತು.

ಹಿಂದಿನ ಸಂಜೆ ಗುಡಿಯಲ್ಲಿ ಊರ ಜನ ಕೂಡಿದ್ದಾಗ ಮೈದುನ ಹಣೆಗೆ ವಿಭೂತಿ ಬಳಿದುಕೊಂಡು, ದೇವರ ಮುಂದೆ ಕಾಯಿ ಒಡೆದು, ಮೈಕ್ ಕೈಗೆ ತೆಗೆದುಕೊಂಡ. ಶ್ರಾವಣ ತಿಂಗಳು ಪೂರ್ತಿ ನಮ್ಮ ಗಿರಣಿಯಲ್ಲಿ ದೇವರ ಸೇವೆ. ಪುಕ್ಕಟೆ. ಯಾರು ಬಂದರೂ, ಎಷ್ಟು ತಂದರೂ ಇಲ್ಲ ಅನ್ನುವುದಿಲ್ಲ. ಜನ ಚಪ್ಪಾಳೆ ತಟ್ಟಿದರು. ಧ್ವನಿವರ್ಧಕ ಗುಡಿಯ ಮೇಲಿತ್ತು. ನಮ್ಮ ಓಣಿಗೆ ಪ್ರತಿ ಅಕ್ಷರ ಕೇಳಿಸಿತು.

ಆಕೆ ಕಟ್ಟೆಯ ಮೇಲಿದ್ದಳು. ನಾನು ಹೋಗಿ ಪಕ್ಕದಲ್ಲಿ ಕುಳಿತೆ.

"ಇದು ಸೇವಾ ಅಲ್ರಿ ಅಕ್ಕಾರ," ಎಂದೆ. "ಇದಕ್ಕ ನಮ್ಮ ಕಡೆ ಬ್ಯಾರೆ ಹೆಸರೈತಿ. ರೊಕ್ಕ ಇದ್ದವ ಬೇಕಂತ ಲುಕ್ಸಾನ ಮಾಡ್ಕೋತಾನ, ಎದುರಿನವರು ಬಾಗಿಲ ಹಾಕೂಮಟಾ. ಅವರು ಹಾಕಿದ ಮರುದಿನ ತನಗ ಬೇಕಾದ ದರ ಇಡತಾನ. ಹೋದ ಲುಕ್ಸಾನ ವಾಪಸ ಬರ್ತೈತಿ."

ಆಕೆ ನನ್ನ ಕಡೆ ತಿರುಗಿ ಕುಳಿತಳು.

"ಸರ, ಹೆಚ್ಚಿಗಿ ಬೀಸಿದಷ್ಟು ಅವಂಗ ಲುಕ್ಸಾನ ಹೆಚ್ಚಲ್ಲ?"

"ಹೌದ್ರಿ. ಕರೆಂಟು, ಕಲ್ಲು, ಆಳು. ಎಲ್ಲಾ ಅವನ ಕೈಯಿಂದನ."

"ಎಷ್ಟು ತಂದ್ರೂ ಅಂದ್ನಲ್ಲ?"

"ಅಂದ."

"ದೇವರ ಮುಂದ ಅಂದ್ನಲ್ಲ?"

"ಕಾಯಿ ಒಡದ ಅಂದ್ನಲ್ರಿ."

"ಹಂಗಾರ ಲುಕ್ಸಾನ ಅರ್ಧಾಮರ್ಧಾ ಯಾಕ, ಪೂರಾ ಆಗ್ಲಿ ಬಿಡ್ರಿ," ಎಂದು ಎದ್ದು ಒಳಗೆ ಹೋದಳು.

ಮರುದಿನ ಬೆಳಗಿನ ಬಸ್ಸಿನಲ್ಲಿ ಆಕೆ ನನ್ನ ಜೊತೆಗೇ ಬೈಲಹೊಂಗಲಕ್ಕೆ ಬಂದಳು. ಒಳ್ಳೆಯ ಇಳಕಲ್ ಸೀರೆ ಉಟ್ಟಿದ್ದಳು. ಬಸ್‌ಸ್ಟ್ಯಾಂಡಿನಿಂದ ನಾನು ಕಾಲೇಜಿಗೆ ಹೋದೆ, ಆಕೆ ಖಾನಾವಳಿಗಳ ಕಡೆ ಹೋದಳು. ಅದರ ಮರುದಿನ ಸವದತ್ತಿಗೆ ಹೋದಳಂತೆ, ದೇವಿಯ ಗುಡ್ಡಕ್ಕೆ ಹೋಗಿಬರುವ ಜನ ಉಣ್ಣುವ ಖಾನಾವಳಿಗಳಿಗೆ. ಜೋಳದ ರೊಟ್ಟಿ ಬಡಿಯುವ ಖಾನಾವಳಿಗೆ ದಿನಾ ಹಿಟ್ಟು ಬೇಕು, ಹೊಸ ಹಿಟ್ಟೇ ಬೇಕು. ಎಲ್ಲರಿಗೂ ಆಕೆ ಒಂದೇ ಮಾತು ಹೇಳಿದಳು: ನಿಮ್ಮ ಜೋಳ ನನಗೆ ಕೊಡಿ, ಶುದ್ಧ ಹಿಟ್ಟು ಮಾಡಿ ಬಾಗಿಲಿಗೆ ಮುಟ್ಟಿಸುತ್ತೇನೆ, ದರ ನನ್ನ ಗಿರಣಿಯ ದರ.

ವಾರ ತುಂಬುವ ಮೊದಲೇ ಮೈದುನನ ಗಿರಣಿಯ ಮುಂದೆ ಜೋಳದ ಚೀಲಗಳು ಬಂದು ಇಳಿದವು. ನನ್ನ ನೆನಪಿನಲ್ಲಿ ಅವು ಎತ್ತಿನ ಗಾಡಿಯಲ್ಲಿ, ಗಂಟೆಯ ಸದ್ದಿನ ಜೊತೆಗೆ ಬರುತ್ತವೆ. ಟ್ರ್ಯಾಕ್ಟರಿನ ಟ್ರೇಲರ್‌ನಲ್ಲಿ ಎಂದು ಹೆಂಡತಿ. ಟ್ರೇಲರ್ ಎಂದೇ ಇಟ್ಟುಕೊಳ್ಳಿ. ಅದರ ಹಿಂದೆ ನಡೆದುಕೊಂಡು ಬಂದ ಆಕೆಯ ಬಗ್ಗೆ ನಮ್ಮಿಬ್ಬರಲ್ಲಿ ಭಿನ್ನಾಭಿಪ್ರಾಯವಿಲ್ಲ. ಪಾಳಿಯಲ್ಲಿದ್ದ ಹೆಂಗಸರು ದಾರಿ ಬಿಟ್ಟರು. ಮೈದುನ ಹೊರಗೆ ಬಂದ.

"ಏನ್ ವೈನಿ, ಇದೆಲ್ಲಾ?"

"ಜ್ವಾಳಪ್ಪಾ. ಬೀಸು."

"ನಿಮ್ದೂ ಗಿರಣಿ ಐತೆಲ್ಲಾ?"

"ಐತಿ. ಅದು ರೊಕ್ಕದ ಗಿರಣಿ. ಇದು ಪುಣ್ಯದ ಗಿರಣಿ. ನಾ ಒಬ್ಬಾಕಿನ ಪಾಪ ಮಾಡಿನೇನು? ನನಗೂ ಒಂದೀಟು ಪುಣ್ಯ ಬ್ಯಾಡೇನು?"

ಯಾರೋ ಕಿಸಕ್ಕೆಂದರು. ಮೈದುನ ಚೀಲಗಳನ್ನು ನೋಡಿದ, ಜನರನ್ನು ನೋಡಿದ.

"ಇಷ್ಟು ಒಬ್ರ ತಂದ್ರ ಹೆಂಗ್ರಿ..."

"ಎಷ್ಟು ತಂದ್ರೂ ಅಂದಿ. ನಾ ಅಂದಿಲ್ಲ. ದೇವರ ಮುಂದ ಅಂದಿ. ಬ್ಯಾಡಂದ್ರ ಗುಡಿಗಿ ಹೋಗಿ ಇನ್ನೊಂದು ಕಾಯಿ ಒಡದು, ಅಂದಿದ್ದು ವಾಪಸ ತಗೊಂಡೇನಿ ಅಂತ ಮೈಕಿನ್ಯಾಗ ಹೇಳು. ನಾ ಒಯ್ತೇನಿ."

ಬೇರೆ ಊರಿನಲ್ಲಿ, ಬೇರೆ ವ್ಯಾಪಾರಿ, ಬೋರ್ಡು ತಿರುಗಿಸಿಟ್ಟು ಮುಗಿಸುತ್ತಿದ್ದ. ಇವನು ದರವನ್ನು ಹರಕೆ ಮಾಡಿಕೊಂಡು ಕೂತಿದ್ದ. ದರ ಹಿಂದಕ್ಕೆ ತೆಗೆದುಕೊಳ್ಳಬಹುದು, ಹರಕೆಯನ್ನು ಹೇಗೆ ತೆಗೆದುಕೊಳ್ಳುವುದು? ಚೀಲ ಬಿಚ್ಚಿದ.

"ನಿಲ್ಲಪಾ," ಎಂದಳು ಆಕೆ. "ಈಗ ಗೋದಿ ಹಾಕಿದ ಕಲ್ಲು. ನನ್ನ ಜ್ವಾಳದಾಗ ಗೋದಿ ಬರಬಾರದು. ಕಲ್ಲು ಬಿಚ್ಚಿ ಝಾಡಿಸು. ಸೇವಾ ಮಾಡೂದಂದ್ರ ಚಂದಂಗ ಮಾಡಬೇಕು."

ಬಿಚ್ಚಿ ಝಾಡಿಸಿದ. ಆಕೆ ಅಲ್ಲೇ ನಿಂತು, ಇಳಿಯುವ ಹಿಟ್ಟನ್ನು ಬೆರಳಲ್ಲಿ ತಿಕ್ಕುತ್ತ, "ಇನ್ನೀಟು ಬಿಗಿ" ಎಂದು ಹೇಳುತ್ತ ಬೀಸಿಸಿಕೊಂಡಳು. ಚೀಲಗಳು ದಿನ ಬಿಟ್ಟು ದಿನ ಬಂದವು. ಬಂದ ದಿನ ಬೆಳಗಿನಿಂದ ಮಧ್ಯಾಹ್ನದವರೆಗೆ ಪುಣ್ಯದ ಗಿರಣಿ ಆಕೆಯದೇ.

ಅಲ್ಲಿ ಕಾಯುತ್ತ ನಿಂತ ಹೆಂಗಸರೇನು ಮಾಡಬೇಕು? ಮನೆಯಲ್ಲಿ ಹಿಟ್ಟಿಲ್ಲ, ಹೊಲಕ್ಕೆ ಬುತ್ತಿ ಹೋಗಬೇಕು. ಒಬ್ಬಾಕೆ ಡಬ್ಬಿ ಎತ್ತಿಕೊಂಡು ಓಣಿಯ ಈ ತುದಿಗೆ ಬಂದಳು. ಹಿಂದೆ ಇನ್ನೊಬ್ಬಳು. ಅಕ್ಕನ ಗಿರಣಿ ಬೆಳಿಗ್ಗೆಯೇ ಸುರುವಾಗಿರುತ್ತಿತ್ತು. ನೋಡಿಕೊಳ್ಳಲು ತವರಿನಿಂದ ತಂಗಿಯನ್ನು ಕರೆಸಿಕೊಂಡಿದ್ದಳು. ಪೂರಾ ದರ. ಪುಕ್ಕಟೆಯ ಪಾಳಿಯನ್ನು ಆಕೆಯೇ ತುಂಬಿಸಿ, ದುಡ್ಡಿನ ಪಾಳಿಯನ್ನು ಖಾಲಿ ಇಟ್ಟಿದ್ದಳು. ನಾನು ಆ ವರ್ಷ ಬೆಲೆ ಸಮರದ ಪಾಠ ಮಾಡಿದ್ದು ಪುಸ್ತಕ ಮುಚ್ಚಿಟ್ಟು. ದೊಡವಾಡದ ಹುಡುಗರು ಸುದ್ದಿ ತರುತ್ತಿದ್ದರು, ನಾನು ಹಲಗೆಯ ಮೇಲೆ ಗೆರೆ ಎಳೆಯುತ್ತಿದ್ದೆ. ಗೆರೆಗಳು ಸರಿಯಾಗಿ ಕೂಡುತ್ತಿದ್ದವು. ಶಾಸ್ತ್ರದ ಮೇಲೆ ನನಗೆ ಅಷ್ಟು ಅಭಿಮಾನ ಬಂದದ್ದು ಬೇರೆ ಯಾವಾಗಲೂ ಇಲ್ಲ.

ಶ್ರಾವಣ ಮುಗಿಯಲು ಇನ್ನೂ ದಿನಗಳಿದ್ದಾಗಲೇ ಮೈದುನನ ಮೋಟಾರು ಸುಟ್ಟಿತು. ರಿಪೇರಿ ಮಾಡಿಸಿದ, ಹರಕೆ ಇತ್ತಲ್ಲ. ಕಲ್ಲು ಸವೆದು ಹಿಟ್ಟು ರವೆಯಾಗಿ ಇಳಿಯತೊಡಗಿತು.

ಶ್ರಾವಣ ಮುಗಿದ ಮೇಲಿನ ಒಂದು ಸಂಜೆ ಅವನು ಆಕೆಯ ಗಿರಣಿಗೆ ಬಂದ. ನಾನು ಹಿಟ್ಟಿಗೆ ಹೋಗಿ ಅಲ್ಲೇ ಕುಳಿತಿದ್ದೆ. ನನ್ನನ್ನು ನೋಡಿ ಸ್ವಲ್ಪ ತಡೆದ, ಆಮೇಲೆ ಸರ ನಮ್ಮವರೇ ಎಂಬಂತೆ ನನ್ನ ಹೆಗಲ ಮೇಲೆ ಕೈ ಇಟ್ಟುಕೊಂಡೇ ಮಾತು ತೆಗೆದ.

"ವೈನಿ, ನಾವು ನಾವು ಜಗಳಾಡಿದ್ರ ಮಂದಿ ಮಜಾ ನೋಡತಾರ. ಇಬ್ರೂ ಕೂಡಿ ಒಂದ ದರ ಇಡೂಣು. ನಿಮ್ಮ ದರಕ್ಕಿಂತ ಎಂಟಾಣೆ ಹೆಚ್ಚ. ಊರವರು ಎಲ್ಲಿ ಹೋಗ್ತಾರ? ನಿಮ್ಮ ಗಿರಣಿನೂ ನಡಿತೈತಿ, ನಮ್ದೂ ನಡಿತೈತಿ."

ಲೆಕ್ಕ ಅವನದು ಸರಿಯಿತ್ತು. ಇಬ್ಬರು ಕೈಗೂಡಿಸಿದರೆ ಊರಿನ ಪಾಲಿಗೆ ಮತ್ತೆ ಒಬ್ಬರೇ ಇದ್ದಂತೆ. ಆಕೆಗೆ ಮೊದಲಿಗಿಂತ ಹೆಚ್ಚು ಲಾಭ, ಒಲೆ ಆರುವ ಭಯವೇ ಇಲ್ಲ. ಒಪ್ಪುತ್ತಾಳೆ ಎಂದುಕೊಂಡೆ. ಪುಸ್ತಕ ಹಾಗೇ ಹೇಳುತ್ತದೆ.

ಆಕೆ ಹಿಟ್ಟಿನ ಕೈಯನ್ನು ಸೀರೆಗೆ ಒರೆಸಿಕೊಂಡಳು.

"ನಾಳೆ ನಾ ದರ ಇಳಸಬೇಕಂದ್ರ ನಿನ್ನ ಕೇಳಬೇಕು?"

"ಕೇಳಬೇಕಾಕ್ಕೈತಿ. ನಾನೂ ನಿಮ್ಮನ್ನ ಕೇಳತೇನಿ."

"ಏರಿಸಬೇಕಂದ್ರೂ ಕೇಳಬೇಕು?"

"ಹೌದ್ರಿ ಮತ್ತ, ಇಬ್ರದೂ ಒಂದ ದರ ಅಂದಮ್ಯಾಲ..."

"ಸಾಬೂನ ತರಾಕ ನಿನ್ನ ಕೇಳತಿದ್ದೆ ನಾ. ನೆನಪೈತೇನು? ಮತ್ತ ಕೇಳೂದಿದ್ರ ಗಿರಣಿ ಯಾಕ ಬೇಕಾಗಿತ್ತು, ನಿಮ್ಮ ಒಲಿ ಮುಂದನ ಇರತಿದ್ದೆ. ನನ್ನ ದರ ನಾ ಇಡತೇನಿ. ನಿಂದು ನೀ ಇಡು. ಚಹಾ ಕುಡದು ಹೋಗು."

ಅವನು ಚಹಾ ಕುಡಿಯಲಿಲ್ಲ. ದಸರೆ ಬರುವಷ್ಟರಲ್ಲಿ ಕಿತ್ತೂರು ಕಡೆಯವರು ಯಾರೋ ಬಂದು ಅವನ ಗಿರಣಿಯ ಸಾಮಾನೆಲ್ಲ ಬಿ‍ಚ್ಚಿ ಒಯ್ದರು.

ಇಲ್ಲಿಗೆ ನಿಲ್ಲಿಸಿದರೆ ಚೆಂದ. ಆಕೆ ಗೆದ್ದಳು, ಊರಿಗೆ ಎಂಟಾಣೆಯ ಭಾರ ತಪ್ಪಿತು. ಕಟ್ಟೆಯ ಮೇಲಿನ ಹಿರಿಯರಿಗೂ ಒಪ್ಪಿಗೆಯಾದೀತು. ಆದರೆ ಆಮೇಲಿನದನ್ನು ನನ್ನ ಜೇಬೇ ಕಂಡಿದೆ. ಮೈದುನನ ಗಿರಣಿ ಹೋದ ಮರುದಿನ ಆಕೆ ದರ ನಾಲ್ಕಾಣೆ ಏರಿಸಿದಳು.

"ಅಕ್ಕಾರ, ಏರಿಸಿದ್ರಿ?" ಎಂದೆ.

"ಒಬ್ಬರ ಉಳದ್ರ ಏನ್ ಮಾಡತಾರಂತ ಐತಿ ನಿಮ್ಮ ಪುಸ್ತಕದಾಗ?"

"ಏರಸ್ತಾರ ಅಂತ."

"ಮತ್ತ?" ಎಂದಳು.

ಅವತ್ತು ಬೆಳಿಗ್ಗೆ ಪಾಳಿ ನಮ್ಮ ಮನೆಯ ಬಾಗಿಲು ದಾಟಿತ್ತು. ಹೋದವರೆಲ್ಲ ತಿರುಗಿ ಬಂದಿದ್ದರು. ಡಬ್ಬಿ ಹಿಂದಕ್ಕೆ ಹೋಗುತ್ತದೆಂದು ಹೆದರಿಕೊಂಡು, ಆಕೆಯ ಮುಖ ನೋಡುತ್ತ ನಿಂತಿದ್ದರು. ಆಕೆ ಯಾರ ಡಬ್ಬಿಯನ್ನೂ ಸರಿಸಲಿಲ್ಲ, ಬೈಯಲಿಲ್ಲ. ಬೆಳ್ಳಗಾದ ಹುಬ್ಬಿನ ಕೆಳಗೆ ಕಣ್ಣು ಕೆಲಸದ ಮೇಲಿತ್ತು. ಪಾಳಿ ಸರಿಯುತ್ತ ಸರಿಯುತ್ತ ಮೈದುನನ ಹೆಂಡತಿಯ ಸರದಿ ಬಂತು. ತಲೆಯ ಮೇಲೆ ಸೆರಗು, ಎರಡು ಕೈಯಲ್ಲಿ ಹಿತ್ತಾಳೆಯ ಡಬ್ಬಿ. ಪಾಳಿಯಲ್ಲಿದ್ದವರೆಲ್ಲ ಅತ್ತ ತಿರುಗಿದರು. ಆಕೆ ಡಬ್ಬಿ ಇಸಿದುಕೊಂಡು ಜೋಳ ಸುರಿದಳು. ಹಿಟ್ಟನ್ನು ಬೆರಳಲ್ಲಿ ತಿಕ್ಕಿದಳು, ಕಲ್ಲು ಒಂದು ಎಳೆ ಬಿಗಿ ಮಾಡಿ ಮತ್ತೆ ತಿಕ್ಕಿದಳು. ತೂಗಿ ದರ ಹೇಳಿದಳು.

"ಮನಿಯವರಿಗೂ ಅದ ದರ ಏನ್ರಿ ಅಕ್ಕಾ?" ಎಂದಳು ಆ ಹೆಂಗಸು, ಸಣ್ಣ ದನಿಯಲ್ಲಿ.

"ಮನಿ ಬ್ಯಾರೆ ಆಗಿ ಭಾಳ ದಿವಸ ಆತವ್ವಾ," ಎಂದು ಆಕೆ ದುಡ್ಡು ಎಣಿಸಿ ತೆಗೆದುಕೊಂಡು, ಡಬ್ಬಿಯನ್ನು ಅವಳ ಸೊಂಟಕ್ಕೆ ಏರಿಸಿಕೊಟ್ಟಳು. "ಹಿಟ್ಟು ಬಿಸಿ ಐತಿ. ಈಗ ಮುಚ್ಚಳ ಹಾಕಬ್ಯಾಡ, ಬೆವತು ಗಂಟು ಕಟ್ಟತೈತಿ. ಹೋಗು, ತಗದ ಒಯ್ಯಿ."